ರಾಮೆನ್ ಅಂಗಡಿಯಲ್ಲಿ ಸೊರ್ ಅಂತ ಸದ್ದು ಮಾಡಲೇಬೇಕಾ? ಜಪಾನಿನಲ್ಲಿ ಇರುವವರು ಹೇಳಿ

ಹೊಸದುರ್ಗದ_ಹುಡುಗ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಆಫೀಸ್ ಕೆಲಸದ ಮೇಲೆ ಟೋಕಿಯೊಗೆ ಹೋಗುತ್ತಿದ್ದೇನೆ. ಮೊದಲ ದಿನವೇ ಅಲ್ಲಿನ ಟೀಮ್‌ನವರು ಮಧ್ಯಾಹ್ನ ರಾಮೆನ್ (ಬಿಸಿ ಸೂಪಿನಲ್ಲಿ ಹಾಕಿದ ನೂಡಲ್ಸ್) ತಿನ್ನೋಕೆ ಕರೆದುಕೊಂಡು ಹೋಗುತ್ತಾರಂತೆ. ಯೂಟ್ಯೂಬ್ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸದ್ದು ಮಾಡದೆ ತಿಂದರೆ ಅಡುಗೆಯವನಿಗೆ ಅವಮಾನ ಅಂತ ಒಬ್ಬ. ಸೂಪ್ ಬಿಟ್ಟರೆ ಬೈಯುತ್ತಾರೆ ಅಂತ ಇನ್ನೊಬ್ಬ. ಸಾರು ಸೊರ್ ಅಂತ ಕುಡಿದರೆ ಮನೆಯಲ್ಲಿ ತಲೆಗೆ ಮೊಟಕುತ್ತಿದ್ದರು, ಹಾಗಾಗಿ ಈಗ ಬೇಕೆಂದರೂ ಆ ಸದ್ದು ಬರಲ್ಲ.

ಇನ್ನೊಂದು ವಿಷಯ. ನಾನು ಕೋಳಿ, ಮೊಟ್ಟೆ ತಿನ್ನುತ್ತೇನೆ, ಹಂದಿ, ದನ ಇಲ್ಲ. ಹೆಂಡತಿ ಪೂರ್ತಿ ಸಸ್ಯಾಹಾರಿ, ಆಮೇಲೆ ಬಂದು ಸೇರಿಕೊಳ್ಳುತ್ತಾಳೆ. ಗೊತ್ತಿದ್ದವರು ಸ್ವಲ್ಪ ಹೇಳಿ.

ತಿಂಡಿಪೋತಿ
ಸದ್ದು ಮಾಡಲೇಬೇಕು ರೀ. ಸಾವಿರಾರು ವರ್ಷದ ಸಂಸ್ಕೃತಿ ಅದು. ಸದ್ದು ಜೋರಾದಷ್ಟೂ ಅಡುಗೆಯವನಿಗೆ ಖುಷಿ.

ನಿಶಿಕಸಾಯ್_ಕನ್ನಡಿಗ
ತಿಂಡಿಪೋತಿಯವರೇ, ಸಾವಿರಾರು ವರ್ಷ ಎಲ್ಲಿಂದ ಬಂತು? ರಾಮೆನ್ ಚೀನಾದ ನೂಡಲ್ಸ್‌ನಿಂದ ಹುಟ್ಟಿದ್ದು. ಟೋಕಿಯೊದ ಅಸಾಕುಸಾದಲ್ಲಿ ‘ರೈರೈಕೆನ್’ ಅಂಗಡಿ ತೆರೆದದ್ದು 1910ರಲ್ಲಿ. ಮೊದಲ ರಾಮೆನ್ ಅಂಗಡಿ ಅಂತ ಬಹಳ ಜನ ಹೇಳುವುದು ಅದನ್ನೇ. ಸೊರ್ ಅಂತ ಎಳೆಯುವ ಅಭ್ಯಾಸ ಅದಕ್ಕಿಂತ ಹಳೆಯದು, ಸೋಬಾ (ಬಕ್‌ವೀಟ್ ಹಿಟ್ಟಿನ ನೂಡಲ್ಸ್) ತಿನ್ನುವವರಿಂದ ಬಂದದ್ದು ಅಂತಾರೆ.

ಇನ್ನು ಆ ಅವಮಾನದ ಕಥೆ ಯಾರು ಹಬ್ಬಿಸಿದರೋ ಗೊತ್ತಿಲ್ಲ. ಸದ್ದು ಮಾಡಿದರೆ ಯಾರೂ ಏನೂ ಅಂದುಕೊಳ್ಳಲ್ಲ, ಅಷ್ಟೇ. ಮಧ್ಯಾಹ್ನ ಹೋಗಿ ನೋಡಿ. ಕೌಂಟರ್ ಹಿಂದೆ ನಿಂತವನು ಉದ್ದ ಹಿಡಿಯ ಜಾಲರಿಯಲ್ಲಿ ನೂಡಲ್ಸ್ ಎತ್ತಿ, ಜೋರಾಗಿ ಒದರಿ ನೀರು ಬಸಿದು, ಸಾಲಾಗಿ ಇಟ್ಟ ಬಟ್ಟಲುಗಳಿಗೆ ಇಳಿಸುತ್ತಿರುತ್ತಾನೆ. ಯಾರು ಸೊರ್ ಅಂದರು, ಯಾರು ಅನ್ನಲಿಲ್ಲ ಅಂತ ಲೆಕ್ಕ ಇಡಲು ಅವನಿಗೆ ಪುರುಸೊತ್ತೆಲ್ಲಿ? ಬಟ್ಟಲು ಮುಂದಿಟ್ಟ ಮೇಲೂ ತಿನ್ನದೆ ಕೂತರೆ ಮಾತ್ರ ಅವನ ಕಣ್ಣಿಗೆ ಬೀಳುತ್ತೀರಿ.

ಸೂಪ್ ಕುದಿಬಿಸಿ ಇರುತ್ತೆ. ಗಾಳಿ ಜೊತೆ ಎಳೆದುಕೊಂಡರೆ ಬಾಯಿ ಸುಡಲ್ಲ. ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಬೇಗ ಮುಗಿಯುತ್ತೆ. ಆರಲಿ ಅಂತ ಬಿಟ್ಟರೆ ನೂಡಲ್ಸ್ ಸೂಪ್ ಹೀರಿಕೊಂಡು ಮುದ್ದೆಯಾಗಿಬಿಡುತ್ತೆ.

ವಾದಪ್ರಿಯ
ಅಂದರೆ ರೈಲಿನಲ್ಲಿ ಫೋನ್ ಎತ್ತಿ ಮಾತಾಡಿದರೆ ಗುರಾಯಿಸುವ ಜನ, ಊಟಕ್ಕೆ ಕೂತಾಗ ಪಕ್ಕದವನ ಕಿವಿಗೇ ಸೊರ್ ಅನ್ನಬಹುದು. ಒಳ್ಳೇ ನ್ಯಾಯ.

ಬಿಡದಿ_ಶಿಫ್ಟ್
ವಾದಪ್ರಿಯರೇ, ಈ ಜಗಳ ಅಲ್ಲೂ ಆಗಿಹೋಗಿದೆ. ನಾನು ಬಿಡದಿ ಕಡೆ ಜಪಾನೀ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಂದ ಬಂದವರ ಬಾಯಲ್ಲೇ ಕೇಳಿದ್ದು. 2016ರಲ್ಲಿ ಟ್ವಿಟರ್‌ನಲ್ಲಿ ‘ನೂಹರಾ’ ಅಂತ ಶುರುವಾಯಿತು. ನೂಡಲ್ಸ್ ಕಿರುಕುಳ ಅಂತ ಇಟ್ಟುಕೊಳ್ಳಿ. ಈ ಸದ್ದಿನಿಂದ ವಿದೇಶಿಯರಿಗೆ ಹಿಂಸೆ ಆಗುತ್ತೆ ಅಂತ ಯಾರೋ ಬರೆದರು, ಟಿವಿಯವರು ಎತ್ತಿಕೊಂಡರು. ‘ನಮ್ಮೂರು, ನಮ್ಮ ಊಟ, ನಿಮಗೇನು ಕಷ್ಟ’ ಅಂತ ಬಹಳ ಜನ ಹರಿಹಾಯ್ದರು.

ಮಜಾ ಮುಂದಿದೆ. ಮರುವರ್ಷ ಕಪ್ ನೂಡಲ್ಸ್ ಮಾಡುವ ನಿಸ್ಸಿನ್ ಕಂಪನಿ ‘ಒತೊಹಿಕೊ’ ಅನ್ನುವ ಫೋರ್ಕ್ ಘೋಷಿಸಿತು. ಅದರೊಳಗೆ ಮೈಕ್. ನೀವು ಸೊರ್ ಅಂದ ತಕ್ಷಣ ಮೊಬೈಲಿಗೆ ಸಿಗ್ನಲ್ ಹೋಗಿ, ಫೋನಿನಿಂದ ಬೇರೆ ಸದ್ದು ಬಂದು ಅದನ್ನು ಮುಚ್ಚಿಬಿಡುತ್ತೆ. ಬೆಲೆ 14,800 ಯೆನ್. 5,000 ಆರ್ಡರ್ ಬಂದರೆ ಮಾತ್ರ ತಯಾರಿಸುತ್ತೇವೆ ಅಂದಿದ್ದರು. ಅಷ್ಟು ಬರಲಿಲ್ಲ.

ಪಾಕಪ್ರವೀಣ_99
ಆ ದುಡ್ಡಿಗೆ ಹದಿನಾಲ್ಕು ಹದಿನೈದು ಬಟ್ಟಲು ರಾಮೆನ್ನೇ ಬರುತ್ತಲ್ಲ ಗುರೂ 😂

ಕುಂದಾಪ್ರ_ಮಾಣಿ
ಮದುವೆ ಮನೆಯಲ್ಲಿ ಬಾಳೆಎಲೆ ಮೇಲೆ ಪಾಯಸ ಬಡಿಸಿದರೆ ಕೈಯಲ್ಲಿ ಬಾಚಿ ಸೊರ್ ಅಂತ ಎಳೆಯದೆ ತಿಂದವರುಂಟಾ ಮಾರಾಯ್ರೇ? ಅದೇ ಲೆಕ್ಕ. ಇದಕ್ಕೆ ಇಷ್ಟು ಚರ್ಚೆ ಯಾಕೆ?

ಸುಮ್ನೆ_ಓದುವವಳು
ಮಾಣಿಯವರೇ, ಅದೇ ಲೆಕ್ಕ ಅಂದುಕೊಂಡು ಎಲ್ಲದಕ್ಕೂ ಸದ್ದು ಮಾಡಿಬಿಟ್ಟಾರು! ರಾಮೆನ್, ಸೋಬಾ, ಉದೋನ್‌ಗೆ (ದಪ್ಪ ಗೋಧಿ ನೂಡಲ್ಸ್) ಸರಿ. ಪಾಸ್ತಾ ತಿನ್ನುವಾಗ ಹಾಗೆ ಮಾಡಿದರೆ ಜಪಾನಿನಲ್ಲೂ ಮುಖ ಸಿಂಡರಿಸುತ್ತಾರೆ. ಬಾಯಿ ತೆರೆದುಕೊಂಡು ಪಚಪಚ ಅಂತ ಅಗಿದರೆ ರಾಮೆನ್ ಅಂಗಡಿಯಲ್ಲೂ ಅಸಹ್ಯವೇ. ಎಳೆಯುವಾಗ ಸದ್ದು, ಅಗಿಯುವಾಗ ಬಾಯಿ ಮುಚ್ಚಿ.

ಹೊಸದುರ್ಗದ_ಹುಡುಗ
ಎಳೆಯಲು ಬರದವರು ಏನು ಮಾಡಬೇಕು? ಮನೆಯಲ್ಲಿ ಪ್ರಯತ್ನ ಪಟ್ಟೆ, ಕೆಮ್ಮು ಬಂತು.

ಸುಮ್ನೆ_ಓದುವವಳು
ಜಪಾನೀಯರಲ್ಲೇ ಎಳೆಯಲು ಬಾರದವರು ಎಷ್ಟೋ ಜನ ಇದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ. ಕ್ಯೋಟೊದಲ್ಲಿ ಓದುವಾಗ ನನ್ನ ಲ್ಯಾಬಿನ ಹುಡುಗಿಯೊಬ್ಬಳು ತಿನ್ನುತ್ತಿದ್ದ ರೀತಿ ಹೇಳುತ್ತೇನೆ. ಆ ಅಗಲ ಚಮಚ ಇರುತ್ತಲ್ಲ, ರೆಂಗೆ, ಅದು ಎಡಗೈಯಲ್ಲಿ. ಬಲಗೈ ಚಾಪ್‌ಸ್ಟಿಕ್‌ನಲ್ಲಿ ನಾಲ್ಕೇ ಎಳೆ ಎತ್ತಬೇಕು, ಜಾಸ್ತಿ ಬೇಡ. ಚಮಚದೊಳಗೆ ಸುರುಳಿ ಮಾಡಿ ಕೂರಿಸಿ, ಚಮಚದ ತುದಿಯನ್ನು ಸೂಪಿಗೆ ಅದ್ದಿ ಒಂದಿಷ್ಟು ತುಂಬಿಸಿಕೊಳ್ಳಬೇಕು. ಮೇಲೆ ಒಂದು ಚೂರು ಈರುಳ್ಳಿ ಸೊಪ್ಪು. ಅಷ್ಟನ್ನೂ ಒಟ್ಟಿಗೆ ಬಾಯಿಗೆ. ಸದ್ದೂ ಇಲ್ಲ, ಅಂಗಿ ಮೇಲೆ ಕಲೆಯೂ ಇಲ್ಲ. ಯಾರೂ ತಿರುಗಿ ನೋಡುತ್ತಿರಲಿಲ್ಲ.

ಬಿಳಿ ಶರ್ಟ್ ಹಾಕಿಕೊಂಡು ಹೋದರೆ ಕಾಗದದ ಏಪ್ರನ್ ಇದೆಯಾ ಅಂತ ಕೇಳಿ. ಎಷ್ಟೋ ಅಂಗಡಿಗಳಲ್ಲಿ ಕೊಡುತ್ತಾರೆ. ಬಿಸಿಗೆ ಮೂಗು ಸೋರುವುದು ಗ್ಯಾರಂಟಿ. ಟಿಶ್ಯೂ ಡಬ್ಬ ಕೌಂಟರ್ ಮೇಲೇ ಇರುತ್ತೆ. ಮೆಲ್ಲಗೆ ಒರೆಸಿಕೊಳ್ಳಿ, ಜೋರಾಗಿ ಸೀದಬೇಡಿ. ಆ ಸದ್ದು ಅವರಿಗೆ ಆಗಿಬರಲ್ಲ.

ವಾದಪ್ರಿಯ
ನೂಡಲ್ಸ್ ಸದ್ದು ಓಕೆ, ಮೂಗಿನ ಸದ್ದು ನಾಟ್ ಓಕೆ. ಬರೆದುಕೊಳ್ಳುತ್ತಿದ್ದೇನೆ.

ಹಕಾತಾ_ಹೈದ
ಎಲ್ಲರೂ ಸದ್ದಿನ ಹಿಂದೆಯೇ ಬಿದ್ದಿದ್ದೀರಿ. ಹೊಸಬರು ಎಡವುವುದು ಬಾಗಿಲಲ್ಲೇ. ಫುಕುವೋಕಾದಲ್ಲಿ ಇದ್ದವನು ಹೇಳುತ್ತೇನೆ, ಕೇಳಿ.

ಬಹಳಷ್ಟು ಅಂಗಡಿಗಳಲ್ಲಿ ಒಳಗೆ ಕಾಲಿಟ್ಟ ಕೂಡಲೇ ಟಿಕೆಟ್ ಯಂತ್ರ ಇರುತ್ತೆ. ಮೊದಲು ದುಡ್ಡು ಹಾಕಿ, ಗುಂಡಿ ಒತ್ತಿ, ಚೀಟಿ ತೆಗೆದುಕೊಂಡು ಆಮೇಲೆ ಕೂರಬೇಕು. ಸೀದಾ ಹೋಗಿ ಕೂತು ಮೆನು ಕಾರ್ಡ್ ಕೇಳಿದರೆ ಅವರು ಯಂತ್ರದ ಕಡೆ ಕೈ ತೋರಿಸುತ್ತಾರೆ. ಗುಂಡಿಗಳ ಮೇಲೆ ಬರೀ ಜಪಾನೀ ಅಕ್ಷರ ಇದ್ದರೆ ಹೊರಗಿನ ಫೋಟೊ ನೋಡಿ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಹಿಂದೆ ಐದಾರು ಜನ ನಿಂತಿರುವಾಗ ಫೋನ್ ಹಿಡಿದು ಅನುವಾದ ಮಾಡಿಸುತ್ತಾ ನಿಲ್ಲಬೇಡಿ. ಏನೂ ಗೊತ್ತಾಗದಿದ್ದರೆ ಎಡಗಡೆ ಮೇಲಿನ ಮೂಲೆಯ ಗುಂಡಿ. ಸಾಮಾನ್ಯವಾಗಿ ಅಂಗಡಿಯ ಹೆಸರುವಾಸಿ ರಾಮೆನ್ ಅಲ್ಲೇ ಇರುತ್ತೆ.

ಕಾರ್ಡ್ ನಂಬಬೇಡಿ, ನಗದು ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ಹೊಸ ನೋಟು ಬಂದಾಗ ಹಳೆ ಯಂತ್ರಗಳು ಅದನ್ನು ತೆಗೆದುಕೊಳ್ಳದೆ ಸಣ್ಣ ಅಂಗಡಿಯವರು ಒದ್ದಾಡಿದರು. ದೊಡ್ಡ ನೋಟು ನುಂಗದ ಯಂತ್ರಗಳೂ ಇವೆ. 1,000 ಯೆನ್ ನೋಟು, ಚಿಲ್ಲರೆ ಜೇಬಲ್ಲಿರಲಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಬಿಟ್ಟು ಬಂದರೆ ಮರೆತು ಹೋದಿರಿ ಅಂತ ಹಿಂದೆ ಓಡಿ ಬರುತ್ತಾರೆ.

ಚೀಟಿ ಕೊಡುವಾಗ ಹಕಾತಾ (ಫುಕುವೋಕಾ ನಗರದ ಒಂದು ಭಾಗ) ಶೈಲಿಯ ಅಂಗಡಿಗಳಲ್ಲಿ ನೂಡಲ್ಸ್ ಎಷ್ಟು ಗಟ್ಟಿ ಇರಬೇಕು ಅಂತ ಕೇಳುತ್ತಾರೆ. ‘ಫುತ್ಸು’ ಅಂದರೆ ಮಾಮೂಲಿ, ‘ಕತಾ’ ಗಟ್ಟಿ, ‘ಬರಿಕತಾ’ ಇನ್ನೂ ಗಟ್ಟಿ. ‘ಕೊನಾಒತೊಶಿ’ ಅಂತ ಒಂದಿದೆ. ಮೇಲಿನ ಹಿಟ್ಟು ತೊಳೆದುಹೋಗುವಷ್ಟು, ಕೆಲವೇ ಸೆಕೆಂಡ್ ಬಿಸಿನೀರಿಗೆ ತೋರಿಸಿ ತೆಗೆಯುತ್ತಾರೆ. ಮೊದಲ ಸಲ ಶೂರತನ ಬೇಡ, ‘ಕತಾ’ ಸಾಕು.

ಅಲ್ಲಿನ ನೂಡಲ್ಸ್ ಬಹಳ ಸಣ್ಣ, ಬೇಗ ಮೆತ್ತಗಾಗುತ್ತೆ. ಅದಕ್ಕೇ ಕಡಿಮೆ ಹಾಕಿ ಕೊಡುತ್ತಾರೆ, ಬೇಕಾದರೆ ‘ಕಾಯೆದಾಮಾ’ ಅಂತ ಬರೀ ನೂಡಲ್ಸ್ ಇನ್ನೊಮ್ಮೆ ಹಾಕಿಸಿಕೊಳ್ಳಬೇಕು. ಎರಡು ತುತ್ತು ಉಳಿದಿರುವಾಗಲೇ ಹೇಳಿಬಿಡಿ. ಸೂಪ್ ಪೂರ್ತಿ ಕುಡಿದು ಆಮೇಲೆ ಕೇಳಿದರೆ ಅದನ್ನು ಎಲ್ಲಿಗೆ ಹಾಕುತ್ತಾರೆ?

ಪಾಕಪ್ರವೀಣ_99
ಹೊಸ 1,000 ಯೆನ್ ನೋಟಿನ ಮೇಲಿರುವುದು ಕಿತಾಸಾತೊ, ಡಾಕ್ಟರ್. 1894ರಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಪ್ಲೇಗ್ ರೋಗಾಣು ಹುಡುಕಿದವರಲ್ಲಿ ಒಬ್ಬರು. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ.

ಕುಂದಾಪ್ರ_ಮಾಣಿ
ಊಟದ ಚರ್ಚೆಯಲ್ಲಿ ಪ್ಲೇಗ್ ತಂದಿರಲ್ಲ, ಪುಣ್ಯಾತ್ಮರೇ.

ತಿಂಡಿಪೋತಿ
ಹೈದ ಅವರೇ, ಅಲ್ಲಿ ಉಪ್ಪಿನಕಾಯಿ ತರಹದ ತಕಾನಾ ಸೊಪ್ಪು ಮೊದಲೇ ತಿಂದರೆ ಅಂಗಡಿಯವನು ಹೊರಗೆ ಹಾಕುತ್ತಾನೆ ಅಂತ ಓದಿದ್ದೆ, ನಿಜವಾ?

ಹಕಾತಾ_ಹೈದ
ಹ್ಹ ಹ್ಹ. ಅದು ಜಪಾನಿನ ಇಂಟರ್ನೆಟ್ ತುಂಬ ಓಡಾಡಿದ ಹಳೆ ಜೋಕು. ‘ಏನು! ಸೂಪ್ ರುಚಿ ನೋಡುವ ಮೊದಲೇ ತಕಾನಾ ತಿಂದುಬಿಟ್ಟಿರಾ?’ ಅಂತ ಅಂಗಡಿಯವಳು ಬೆಚ್ಚಿಬೀಳುವ ಕಥೆ. ನಾನು ಹೋದ ಕಡೆ ಯಾರೂ ಬೈದಿಲ್ಲ. ಆದರೆ ತಕಾನಾ ಖಾರ ಜಾಸ್ತಿ, ಅದು ಬಿದ್ದ ಮೇಲೆ ಸೂಪಿನ ಅಸಲಿ ರುಚಿ ಸಿಗಲ್ಲ. ಮೊದಲು ಎರಡು ಚಮಚ ಬರೀ ಸೂಪ್ ಕುಡಿದು ಆಮೇಲೆ ಬೆಳ್ಳುಳ್ಳಿ, ತಕಾನಾ, ಎಳ್ಳು ಏನು ಬೇಕೋ ಹಾಕಿಕೊಳ್ಳಿ.

ವಾದಪ್ರಿಯ
ನನಗೆ ಅರ್ಥವಾಗದ್ದು ಇದು. ದುಡ್ಡು ಕೊಡುವವನು ನಾನು. ಯಾವಾಗ ಬೆಳ್ಳುಳ್ಳಿ ಹಾಕಬೇಕು, ಎಷ್ಟು ಹೊತ್ತು ಕೂರಬೇಕು, ಫೋಟೊ ತೆಗೀಬೇಕಾ ಬೇಡ್ವಾ ಅಂತ ಅವನು ಯಾಕೆ ಹೇಳಬೇಕು? ಇದು ಮರ್ಯಾದೆನಾ, ದರ್ಪನಾ?

ಬಿಡದಿ_ಶಿಫ್ಟ್
ದರ್ಪದವರೂ ಇದ್ದರು, ಇಲ್ಲ ಅನ್ನಲ್ಲ. ಮಿನೊರು ಸಾನೊ ಅಂತ ಒಬ್ಬರಿದ್ದರು, ‘ರಾಮೆನ್ ರಾಕ್ಷಸ’ ಅಂತಲೇ ಹೆಸರು. 1986ರಲ್ಲಿ ಫುಜಿಸಾವಾದಲ್ಲಿ ಅಂಗಡಿ ತೆರೆದರು. ಒಳಗೆ ಹರಟೆ ಹೊಡೆಯುವಂತಿಲ್ಲ, ಸೆಂಟ್ ಹಾಕಿಕೊಂಡು ಬರುವಂತಿಲ್ಲ. ಸೆಂಟಿನ ವಾಸನೆಯಲ್ಲಿ ಸೂಪಿನ ಘಮ ಹೋಗುತ್ತೆ ಅಂತ. 2014ರಲ್ಲಿ ತೀರಿಕೊಂಡರು. ಹರಟೆ ಬೇಡ ಅನ್ನುವುದು ಅತಿಯಾಯಿತು ಅನಿಸುತ್ತೆ, ಸೆಂಟಿನ ಮಾತು ಮಾತ್ರ ನನಗೆ ಸರಿಯೇ ಅನಿಸುತ್ತೆ.

ನಿಶಿಕಸಾಯ್_ಕನ್ನಡಿಗ
ವಾದಪ್ರಿಯರೇ, ದುಡ್ಡಿನ ಮಾತು ಎತ್ತಿದಿರಿ, ಅಲ್ಲೇ ಉತ್ತರ ಇದೆ. ಎಂಟು ಹತ್ತು ಸ್ಟೂಲಿನ ಅಂಗಡಿ. ಹಿಂದಿನ ರಾತ್ರಿಯಿಂದ ಮೂಳೆ ಕುದಿಸಿದ ಸೂಪ್. ಆದರೂ ಬಟ್ಟಲಿಗೆ 1,000 ಯೆನ್ ದಾಟಿಸಿದರೆ ಗಿರಾಕಿ ಬರಲ್ಲ ಅನ್ನುವ ಭಯ. ಇದಕ್ಕೆ ‘1,000 ಯೆನ್ ಗೋಡೆ’ ಅಂತಲೇ ಅಲ್ಲಿ ಹೇಳುತ್ತಾರೆ. ಈಗೀಗ ಅದು ಒಡೆಯುತ್ತಿದೆ, ಆದರೂ ಭಯ ಹೋಗಿಲ್ಲ. ಹೀಗಿರುವಾಗ ಅವನಿಗೆ ಉಳಿಯುವುದು ಸ್ಟೂಲು ಬೇಗ ಖಾಲಿಯಾದರೆ ಮಾತ್ರ. ಹೊರಗೆ ಬಿಸಿಲಲ್ಲಿ ಕ್ಯೂ ನಿಂತವರೂ ನಿಮ್ಮ ಹಾಗೇ ಅರ್ಧ ಗಂಟೆ ಬಿಡುವಿನಲ್ಲಿ ಬಂದ ನೌಕರರು.

ಈಗ ಒಂದೊಂದೇ ನೋಡಿ. ಮುಂಚೆ ಟಿಕೆಟ್ ತಗೊಳ್ಳಿ: ಆಮೇಲೆ ಬಿಲ್ಲಿಗೆ ಕಾಯುವ ಹಾಗಿಲ್ಲ. ಬಿಸಿಯಿದ್ದಾಗಲೇ ತಿನ್ನಿ: ಬೇಗ ಏಳುತ್ತೀರಿ. ಒಬ್ಬರು ಕ್ಯೂನಲ್ಲಿ ನಿಂತು ನಾಲ್ಕು ಜನಕ್ಕೆ ಜಾಗ ಹಿಡಿಯಬೇಡಿ. ಒಂದು ಬಟ್ಟಲು ತರಿಸಿ ಇಬ್ಬರು ಹಂಚಿಕೊಂಡು ಎರಡು ಸ್ಟೂಲು ಆಕ್ರಮಿಸಬೇಡಿ. ತಿಂದ ಮೇಲೆ ಬಟ್ಟಲನ್ನು ಕೌಂಟರಿನ ಎತ್ತರದ ಕಟ್ಟೆಗೆ ಎತ್ತಿಟ್ಟು, ಮುಂದೆ ಬಿದ್ದ ಹನಿ ಒರೆಸಿ, ‘ಗೊಚಿಸೊಸಾಮ’ (ಊಟಕ್ಕೆ ಧನ್ಯವಾದ) ಅಂದು ಹೊರಡಿ. ಇದರಲ್ಲಿ ಸದ್ದಿನ ಮಾತು ಎಲ್ಲಿದೆ ಹೇಳಿ? ಪೂರ್ತಿ ಜಾಗ ಮತ್ತು ಹೊತ್ತಿನ ಲೆಕ್ಕ. ನಿಧಾನವಾಗಿ ಹರಟುತ್ತಾ ತಿನ್ನಬೇಕಾದರೆ ಮೇಜು ಇರುವ ದೊಡ್ಡ ರೆಸ್ಟೋರೆಂಟ್‌ಗಳಿವೆ, ಅಲ್ಲಿಗೆ ಹೋಗಿ. ಯಾರೂ ಕೇಳಲ್ಲ.

ಹಕಾತಾ_ಹೈದ
ಸರಿಯಾಗಿ ಹೇಳಿದಿರಿ. ಟೋಕಿಯೊದಲ್ಲಿ ಒಂದು ಅಂಗಡಿಯವನು 2023ರಲ್ಲಿ ಗದ್ದಲದ ಹೊತ್ತಿನಲ್ಲಿ ಫೋನ್ ನೋಡುತ್ತಾ ತಿನ್ನಬೇಡಿ ಅಂದದ್ದು ದೊಡ್ಡ ಸುದ್ದಿಯಾಯಿತು. ಸಣ್ಣ ನೂಡಲ್ಸ್, ವಿಡಿಯೊ ನೋಡುತ್ತಾ ಕೂತರೆ ಹಾಳಾಗುತ್ತೆ ಅನ್ನುವುದು ಅವನ ವಾದ. ಒಂದು ಫೋಟೊ ತೆಗೆದು ಫೋನ್ ಒಳಗಿಡಿ.

ನಾಲ್ಕಾರು ಬಗೆ ರುಚಿ ನೋಡಬೇಕಾದರೆ ಶಿನ್-ಯೊಕೊಹಾಮಾದಲ್ಲಿ 1994ರಿಂದ ರಾಮೆನ್ ಮ್ಯೂಸಿಯಂ ಇದೆ. ಅಲ್ಲೂ ಪ್ರತಿ ಅಂಗಡಿಯಲ್ಲಿ ದೊಡ್ಡವರು ತಲೆಗೊಂದು ಬಟ್ಟಲು ತಗೊಳ್ಳಬೇಕು. ಆದರೆ ಪುಟ್ಟ ಬಟ್ಟಲು ಸಿಗುತ್ತೆ, ಹಾಗಾಗಿ ಎರಡು ಮೂರು ಅಂಗಡಿ ಸುತ್ತಬಹುದು.

ಕುಂದಾಪ್ರ_ಮಾಣಿ
ಜಿರೊ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನನ್ನ ಭಾವ ಹೋಗಿದ್ದ, ಪರೀಕ್ಷೆ ಬರೆದ ಹಾಗಾಯಿತಂತೆ.

ನಿಶಿಕಸಾಯ್_ಕನ್ನಡಿಗ
ಹೊಸದುರ್ಗದವರು ಅಲ್ಲಿಗೆ ಹೋಗುವುದೇ ಬೇಡ, ಪೂರ್ತಿ ಹಂದಿ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ. ರಾಮೆನ್ ಜಿರೊ ಶುರುವಾದದ್ದು 1968ರಲ್ಲಿ. ಮುಖ್ಯ ಅಂಗಡಿ ಮಿತಾದಲ್ಲಿ, ಕೇಯೊ ವಿಶ್ವವಿದ್ಯಾಲಯದ ಹತ್ತಿರ. ದಪ್ಪ ನೂಡಲ್ಸ್, ಮೇಲೆ ಮೊಳಕೆ ಕಾಳು, ಎಲೆಕೋಸಿನ ಗುಡ್ಡ. ಬಟ್ಟಲು ಕೊಡುವ ಮೊದಲು ‘ನಿನ್ನಿಕು ಇರೆಮಸು ಕಾ?’ ಅಂತಾನೆ, ಬೆಳ್ಳುಳ್ಳಿ ಹಾಕಲಾ ಅಂತ. ಉತ್ತರದಲ್ಲಿ ಬೆಳ್ಳುಳ್ಳಿ, ತರಕಾರಿ, ಕೊಬ್ಬು, ಉಪ್ಪು ಎಲ್ಲದರ ಅಳತೆ ಒಂದೇ ಉಸಿರಿಗೆ ಹೇಳಬೇಕು. ಒಂದು ಸಲಕ್ಕೆ ಇಷ್ಟು ಬಟ್ಟಲು ಅಂತ ತಂಡ ತಂಡವಾಗಿ ಬೇಯಿಸುತ್ತಾರೆ, ಹಾಗಾಗಿ ನೀವೊಬ್ಬರು ತಡ ಮಾಡಿದರೆ ಮುಂದಿನ ತಂಡಕ್ಕೆ ತೊಂದರೆ. ತಿನ್ನಲಾಗದಷ್ಟು ತುಂಬಿಸಿಕೊಂಡು ಅರ್ಧ ಬಿಡುವವರನ್ನು ಕಂಡರೆ ಅಲ್ಲಿ ಯಾರಿಗೂ ಆಗಲ್ಲ.

ಉಪ್ಪು_ಕಡಿಮೆ
ಸೂಪಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಿಡಬಹುದು, ಬಿಡಲೇಬೇಕು ಅಂತ ನನ್ನ ಮಾತು. ಜಪಾನ್ ಸರ್ಕಾರ ಇಟ್ಟಿರುವ ದಿನದ ಉಪ್ಪಿನ ಗುರಿ ಗಂಡಸರಿಗೆ 7.5 ಗ್ರಾಂ, ಹೆಂಗಸರಿಗೆ 6.5 ಗ್ರಾಂ ಒಳಗೆ. ವಿಶ್ವ ಆರೋಗ್ಯ ಸಂಸ್ಥೆ 5 ಗ್ರಾಂಗಿಂತ ಕಡಿಮೆ ಅನ್ನುತ್ತೆ. ಒಂದು ಬಟ್ಟಲು ಸೂಪ್ ಸಮೇತ ಮುಗಿಸಿದರೆ ದಿನದ ಉಪ್ಪೆಲ್ಲ ಅಲ್ಲೇ ಮುಗಿದ ಹಾಗೆ. ಬಿ.ಪಿ. ಇರುವವರು ಎರಡು ಚಮಚಕ್ಕೆ ನಿಲ್ಲಿಸಿ.

ತಿಂಡಿಪೋತಿ
ಅಯ್ಯೋ, ಇಚಿರಾನ್ ಅನ್ನುವ ರಾಮೆನ್ ಅಂಗಡಿಯ ಬಟ್ಟಲಿನ ತಳದಲ್ಲಿ ‘ಈ ಕೊನೆಯ ಹನಿಯೇ ನಮಗೆ ಪರಮ ಸಂತೋಷ’ ಅನ್ನುವ ಅರ್ಥದ ಸಾಲು ಬರೆದಿರುತ್ತೆ. ಪೂರ್ತಿ ಕುಡಿದವರಿಗೆ ಮಾತ್ರ ಕಾಣುವುದು!

ಉಪ್ಪು_ಕಡಿಮೆ
ನೀವು ಅದರ ಫೋಟೊ ನೋಡಿ ಸಂತೋಷಪಡಿ ತಾಯಿ.

ಸುಮ್ನೆ_ಓದುವವಳು
ಸೂಪ್ ಬಿಟ್ಟರೆ ಯಾರೂ ಬೈಯಲ್ಲ. ನೂಡಲ್ಸ್, ಮೊಟ್ಟೆ ಬಿಟ್ಟರೆ ಬೇಜಾರಾಗಬಹುದು. ಬಟ್ಟಲಿಗೇ ಬಾಯಿಟ್ಟು ಕುಡಿಯಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಈಗಲೇ ಹೇಳಿಬಿಡುತ್ತೇನೆ: ಕುಡಿಯಬಹುದು, ಎರಡೂ ಕೈಯಲ್ಲಿ ಎತ್ತಿ. ಚಾಪ್‌ಸ್ಟಿಕ್ ಮಾತ್ರ ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರಿಗೆ ಇಡುವ ರೀತಿ. ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ದಾಟಿಸುವುದೂ ಬೇಡ. ದಹನವಾದ ಮೇಲೆ ಮೂಳೆ ಎತ್ತುವುದು ಹಾಗೆ. ಸದ್ದಿಗಿಂತ ಇವು ನಿಜಕ್ಕೂ ಅವರ ಮನಸ್ಸಿಗೆ ಚುಚ್ಚುತ್ತವೆ.

ತ್ಸುಕೆಮೆನ್ ತಂದುಕೊಟ್ಟರೆ ಗಾಬರಿ ಬೇಡ. ನೂಡಲ್ಸ್ ಬೇರೆ, ಗಟ್ಟಿ ಸೂಪ್ ಬೇರೆ. ಅದ್ದಿಕೊಂಡು ತಿನ್ನಬೇಕು, ಸುರಿಯಬಾರದು. ಉಳಿದ ಸೂಪ್ ಕುಡಿಯಲಾಗದಷ್ಟು ಉಪ್ಪಿರುತ್ತೆ. ‘ಸೂಪು-ವರಿ’ ಅಂದರೆ ತೆಳು ಬಿಸಿ ಸಾರು ಬೆರೆಸಿಕೊಡುತ್ತಾರೆ.

ಹೊಸದುರ್ಗದ_ಹುಡುಗ
ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹಂದಿ ವಿಷಯ ಹೇಳಿ. ಮೇಲಿನ ತುಂಡು ತೆಗೆದು ಕೊಡಿ ಅಂದರೆ ಸಾಕಾ?

ನಿಶಿಕಸಾಯ್_ಕನ್ನಡಿಗ
ಸಾಕಾಗಲ್ಲ. ತುಂಡು ತೆಗೆಯುತ್ತಾರೆ, ಸೂಪ್ ಬಹಳ ಕಡೆ ಹಂದಿ ಮೂಳೆಯದೇ ಇರುತ್ತೆ. ಕೋಳಿ ಸೂಪಿನ ‘ತೋರಿ ಪೈತಾನ್’ ಅಂತ ಸಿಗುತ್ತೆ, ಬೆಳ್ಳಗೆ, ಗಟ್ಟಿಯಾಗಿ ಚೆನ್ನಾಗಿರುತ್ತೆ. ಆದರೆ ಅದರ ಮೇಲೂ ಹಂದಿ ತುಂಡು ಇಡುವವರಿದ್ದಾರೆ, ಕೇಳಿ. ಕೌಂಟರಿನಲ್ಲಿ ಕೂತು ಪದಾರ್ಥದ ವಿಚಾರಣೆ ಮಾಡುವ ಬದಲು ಟೀಮ್‌ನವರಿಗೆ ಈಗಲೇ ಮೇಲ್ ಹಾಕಿ. ಸರಿಯಾದ ಅಂಗಡಿ ಅವರೇ ಹುಡುಕುತ್ತಾರೆ. ಮುಜುಗರ ಬೇಡ, ಅಲ್ಲಿ ಹೋದ ಮೇಲೆ ತಿನ್ನಲ್ಲ ಅಂದರೆ ಅವರಿಗೆ ಇನ್ನೂ ಕಷ್ಟ.

ಮನೆಯವರಿಗೆ: ಮಾಮೂಲಿ ಅಂಗಡಿಯಲ್ಲಿ ‘ತರಕಾರಿ ರಾಮೆನ್’ ಅಂತ ಬರೆದಿದ್ದರೂ ನಂಬಬೇಡಿ, ಸೂಪಿನಲ್ಲಿ ಮೂಳೆಯೋ ಒಣಮೀನೋ ಇದ್ದೇ ಇರುತ್ತೆ. ಟೋಕಿಯೊ ಸ್ಟೇಷನ್ನಿನಲ್ಲಿ ‘ಟೀಸ್ ತಾನ್‌ತಾನ್’ ಇದೆ. ಪೂರ್ತಿ ವೀಗನ್. ಎಳ್ಳಿನ ಸೂಪಿನದು ತಗೊಳ್ಳಲಿ.

ಪಾಕಪ್ರವೀಣ_99
ಅದು ರೈಲ್ವೆ ಗೇಟಿನ ಒಳಗಡೆ ಅಲ್ವಾ? ರೈಲಿಗೆ ಹೋಗದವರು ಹೇಗೆ ಹೋಗೋದು?

ನಿಶಿಕಸಾಯ್_ಕನ್ನಡಿಗ
ಹೌದು, ಒಳಗಡೆ, ಕೇಯೊ ಸ್ಟ್ರೀಟ್ ಅನ್ನುವ ಸಾಲಿನಲ್ಲಿ. ಪ್ಲಾಟ್‌ಫಾರಂ ಟಿಕೆಟ್ ತಗೊಂಡರೆ ಬಿಡುತ್ತಾರೆ, 2 ಗಂಟೆಯೊಳಗೆ ಹೊರಬರಬೇಕು. ಮಧ್ಯಾಹ್ನ 12ಕ್ಕೆ ಕ್ಯೂ ಉದ್ದ ಇರುತ್ತೆ, ಸ್ವಲ್ಪ ಮುಂಚೆ ಹೋಗಿ.